ಪಹಣಿ ಇಟ್ಟು ಶೆಂಗೆನ್ ವೀಸಾ ತಗೊಂಡ ಕಥೆ

ಯುರೋಪಿನ ಹತ್ತಾರು ದೇಶಕ್ಕೆ ಒಂದೇ ಆಗಿ ನಡೆಯೋ ಶೆಂಗೆನ್ ವೀಸಾ ಮೂರನೇ ಸಲಕ್ಕೆ ಬಂತು. ಎರಡು ಸಲ ರಿಜೆಕ್ಟ್ ಆದವನಿಗೆ, ಸಂಬಳದ ಚೀಟಿಯನ್ನು ಜನ್ಮದಲ್ಲಿ ನೋಡದ ಪಾಂಡವಪುರ ಕಡೆಯ ಕಬ್ಬು ಬೆಳೆಗಾರನಿಗೆ, ಅದೂ ಹೆಂಡತಿ ಸಮೇತ, ಏಜೆಂಟ್ ಇಲ್ಲದೆ. ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ. ಯಾಕಂದ್ರೆ ನಮ್ಮ ಭಾವ ಎರಡು ವರ್ಷ ಸಿಕ್ಕಿದವರ ಮುಂದೆಲ್ಲ ಹೇಳಿದ್ದು ಒಂದೇ ಮಾತು: "ಸುಮ್ಕಿರ್ಲಾ, ಪಾಣಿ ನೋಡಿ ಯಾವನ್ಲಾ ವೀಸಾ ಕೊಟ್ಟಾನು?"

ಪಹಣಿ ನೋಡಿಯೇ ಕೊಟ್ಟರು. ಪಹಣಿ ಮತ್ತು ಹಾಲಿನ ದುಡ್ಡು ನೋಡಿ.

ಫಾರ್ಮ್ ತುಂಬೋದು, ಫೋಟೋ ಸೈಜು, 30,000 ಯೂರೋ ಇನ್ಶೂರೆನ್ಸ್, ಇದೆಲ್ಲ ನಿಮಗೆ ಗೊತ್ತಿರುತ್ತೆ. ಅದು ಬಿಡಿ. ನಾನು ಎಲ್ಲಿ ಬಿದ್ದೆ, ಎಷ್ಟು ಕಳೆದುಕೊಂಡೆ ಅಂತ ಹೇಳ್ತೀನಿ.

ನನಗೆ ನೆದರ್‌ಲ್ಯಾಂಡ್ಸ್ ನೋಡಬೇಕಿತ್ತು. ಪ್ಯಾರಿಸ್ಸಿನ ಗೋಪುರ, ಸ್ವಿಸ್ ಹಿಮ ನನಗೆ ಬೇಡ. ಸಮುದ್ರಕ್ಕೇ 32 ಕಿಲೋಮೀಟರ್ ಉದ್ದದ ಒಡ್ಡು ಹಾಕಿದ್ದಾರಲ್ಲ, ಆಫ್‌ಸ್ಲೌಟ್‌ಡೈಕ್, ಅದನ್ನು ನೋಡಬೇಕಿತ್ತು. 1932ರಲ್ಲಿ ಮುಚ್ಚಿದ್ದು, ಹೆಚ್ಚು ಕಡಿಮೆ ನಮ್ಮ ಕನ್ನಂಬಾಡಿ ಕಟ್ಟೆ ಮುಗಿದ ಕಾಲ. ಒಡ್ಡಿನ ಒಳಗಿನ ಉಪ್ಪು ನೀರು ಸಿಹಿ ನೀರಾಯ್ತು, ಸಮುದ್ರದ ತಳದ ನೀರು ಬಸಿದು ಹೊಲ ಆಯ್ತು. ಆ ಹೊಲದಲ್ಲಿ ಸಕ್ಕರೆ ಬೀಟ್ ಬೆಳೀತಾರೆ. ಕನ್ನಂಬಾಡಿಯಿಂದ ಬರೋ ವಿಶ್ವೇಶ್ವರಯ್ಯ (ವಿಸಿ) ನಾಲೆಯ ನೀರು ಕುಡಿದು ಕಬ್ಬು ಬೆಳೆದವನಿಗೆ ಇದನ್ನು ನೋಡೋ ಆಸೆ ಬಂದರೆ ತಪ್ಪೇನು?

ಮೊದಲ ಸಲ, 2023ರ ಶುರುವಿನಲ್ಲಿ, ಮೈಸೂರಿನ ಒಬ್ಬ ಏಜೆಂಟ್ ಹತ್ತಿರ ಹೋದೆ. ಒಡ್ಡಿನ ಮಾತು ಎತ್ತಿದೆ. ಅವನು ನಕ್ಕುಬಿಟ್ಟ. "ಅದೆಲ್ಲ ಬರೆದ್ರೆ ಕೆಲಸ ಕೆಡುತ್ತೆ ಸಾರ್, ಟೂರ್ ಅಂತ ಹಾಕೋಣ." ಬೇರೆ ಒಂದು ದೇಶದ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತೆ ಅಂತ ಅಲ್ಲಿಗೇ ಅರ್ಜಿ ಹಾಕಿಸಿದ. ನಾವು ಅಲ್ಲಿ ಇರೋದು ಎರಡು ರಾತ್ರಿ, ನೆದರ್‌ಲ್ಯಾಂಡ್ಸಲ್ಲಿ ಏಳು ರಾತ್ರಿ. ಜಾಸ್ತಿ ದಿನ ಎಲ್ಲಿರ್ತೀವೋ ಅಲ್ಲೇ ಹಾಕಬೇಕು ಅನ್ನೋದು ಈಗ ನಮ್ಮೂರ ಹುಡುಗರಿಗೂ ಗೊತ್ತು. ಆಗ ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದೂ ಹೇಳಲಿಲ್ಲ ಅಂತ ನನ್ನ ಗುಮಾನಿ.

ಅದಕ್ಕಿಂತ ದೊಡ್ಡ ತಪ್ಪು ದುಡ್ಡಿನದು. "ಅಕೌಂಟಲ್ಲಿ 7 ಲಕ್ಷ ಇರಲಿ" ಅಂದ. ಭಾವನಿಂದ 5 ಲಕ್ಷ, ಸೊಸೈಟಿಯಿಂದ ಮಿಕ್ಕಿದ್ದು ತಂದು ಅರ್ಜಿ ಹಾಕೋಕೆ ಹತ್ತು ದಿನ ಇರುವಾಗ ಒಟ್ಟಿಗೆ ತುಂಬಿದೆ. ಪಾಸ್‌ಬುಕ್ ನೋಡಿದರೆ ಹೇಗಿತ್ತು ಗೊತ್ತಾ? 4,200, 3,150, 1,900, ಆಮೇಲೆ ಇದ್ದಕ್ಕಿದ್ದ ಹಾಗೆ 7 ಲಕ್ಷ. ಒಣಗಿದ ನಾಲೆಗೆ ಒಂದು ರಾತ್ರಿ ಪ್ರವಾಹ ಬಂದ ಹಾಗೆ. ನಾನೇ ಆಫೀಸರ್ ಆಗಿದ್ದರೂ ನಂಬುತ್ತಿರಲಿಲ್ಲ.

ರಿಜೆಕ್ಟ್. ಹಾಳೆಯಲ್ಲಿ ಎರಡು ಚೌಕಕ್ಕೆ ಗುರುತು. ಒಂದು, ಬರೋ ಉದ್ದೇಶ ಸರಿಯಾಗಿ ತೋರಿಸಿಲ್ಲ. ಇನ್ನೊಂದು, ವಾಪಸ್ ಹೋಗ್ತೀರಿ ಅನ್ನೋ ನಂಬಿಕೆ ಇಲ್ಲ. ಇಬ್ಬರಿಗೂ ಅದೇ. ಏಜೆಂಟಿಗೆ ಇಬ್ಬರದೂ ಸೇರಿ 24 ಸಾವಿರ, ಫೀಸು ಆಗ ತಲೆಗೆ 80 ಯೂರೋ, ಇನ್ಶೂರೆನ್ಸು, ಓಡಾಟ ಎಲ್ಲ ಸೇರಿ 46 ಸಾವಿರ ಹೋಯ್ತು. ಭಾವನ 5 ಲಕ್ಷಕ್ಕೆ ಬಡ್ಡಿ ಬೇರೆ. ಭಾವ ಬಡ್ಡಿ ಬೇಡ ಅಂದರು, ಮಾತು ಮಾತ್ರ ಬಿಡಲಿಲ್ಲ.

ಎರಡನೇ ಸಲ ನಾನೇ ಹಾಕಿದೆ, ನೇರ ನೆದರ್‌ಲ್ಯಾಂಡ್ಸಿಗೆ. ಸಾಲ ತಂದು ತುಂಬಲಿಲ್ಲ. ಈ ಸಲ ಮುಳುಗಿಸಿದ್ದು ಹೆಸರು.

ನಮ್ಮ ಹೆಸರುಗಳ ಹಣೆಬರಹ ನಿಮಗೂ ಗೊತ್ತು. ಆಧಾರಲ್ಲಿ ಇನಿಷಿಯಲ್ ಮುಂದೆ, ಬ್ಯಾಂಕಲ್ಲಿ ಹಿಂದೆ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಪೂರ್ತಿ. ಪಹಣಿಯಲ್ಲಿ ನನ್ನ ಹೆಸರು, ಆಮೇಲೆ 'ಬಿನ್' (ಇಂಥವರ ಮಗ ಅಂತ), ಆಮೇಲೆ ಅಪ್ಪನ ಹೆಸರು. ಮೈಸೂರಲ್ಲಿ ಕೋರ್ಟ್ ಹತ್ತಿರ ಟೈಪಿಂಗ್ ಅಂಗಡಿಯಲ್ಲಿ ಇಂಗ್ಲಿಷಿಗೆ ಮಾಡಿಸಿದೆ. ಹುಡುಗ ಪಟಪಟ ಅಂತ ಟೈಪ್ ಮಾಡಿದ. 'ಬಿನ್' ಅನ್ನೋದನ್ನೂ ಹೆಸರಲ್ಲೇ ಸೇರಿಸಿಬಿಟ್ಟ. ಹೆಂಡತಿ ಹೆಸರಲ್ಲಿ ಇರೋ 20 ಗುಂಟೆ ಪಹಣಿಯಲ್ಲಿ 'ಕೋಂ' (ಇಂಥವರ ಹೆಂಡತಿ) ಅಂತ ಇತ್ತು, ಅದೂ ಹೆಸರಾಯ್ತು. ನೋಟರಿ ನೋಡದೆ ಸೀಲ್ ಒತ್ತಿದರು. ನಾನೂ ನೋಡದೆ ಇಟ್ಟೆ. ಅಲ್ಲಿ ಕೂತವರ ಕಣ್ಣಿಗೆ ಅರ್ಜಿ ಹಾಕಿದವನು ಒಬ್ಬ, ಜಮೀನಿನ ಮಾಲೀಕ ಇನ್ಯಾರೋ ಬಿನ್ ಸಾಹೇಬ.

ಅದೂ ಸಾಲದು ಅಂತ ಜಮೀನಿನ ದೊಡ್ಡ ಪಾಲು ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಅಪ್ಪ ತೀರಿಕೊಂಡು 11 ವರ್ಷ. ನನ್ನ ಹೆಸರಲ್ಲಿ ಇದ್ದದ್ದು ನಾನು ಕೊಂಡ 30 ಗುಂಟೆ ಮಾತ್ರ. ಮತ್ತೆ ರಿಜೆಕ್ಟ್. ಈ ಸಲ ಒಂದೇ ಚೌಕ: ವಾಪಸ್ ಹೋಗ್ತೀರಿ ಅನ್ನೋ ನಂಬಿಕೆ ಇಲ್ಲ. ಉದ್ದೇಶದ ಚೌಕ ಖಾಲಿ! ಅಂದ್ರೆ ಒಡ್ಡು ನೋಡೋಕೆ ಬರ್ತೀನಿ ಅಂತ ನಾನು ಬರೆದದ್ದನ್ನು ನಂಬಿದ್ದರು. ಇನ್ನೊಂದು 24 ಸಾವಿರ ಹೋದ ಬೇಜಾರಿನಲ್ಲೂ ಆ ಖಾಲಿ ಚೌಕ ನೋಡಿ ಖುಷಿ ಆಯ್ತು. ಹೆಂಡತಿ ಮಾತ್ರ, "ಅಲ್ಲ ಕಣಿ, ಅದೇ ದುಡ್ಡಲ್ಲಿ ಒಂದು ಕರು ಬರ್ತಿತ್ತು" ಅಂದಳು.

ನಾಲ್ಕು ವಾರದೊಳಗೆ ತಕರಾರು ಹಾಕಬಹುದಿತ್ತು. ಹಾಕಲಿಲ್ಲ. ಕಾಗದವೇ ತಪ್ಪಿರುವಾಗ ಜಗಳ ಆಡಿ ಏನು?

ಆಮೇಲೆ ಒಂದು ವರ್ಷ ವೀಸಾ ಕಡೆ ತಲೆ ಹಾಕಲಿಲ್ಲ. ಕಾಗದ ಸರಿ ಮಾಡಿದೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡೋ ಪವತಿ ಖಾತೆಗೆ ಹಾಕಿದೆ. ವಂಶವೃಕ್ಷ, ಮರಣ ಪತ್ರ, ಅಣ್ಣತಮ್ಮಂದಿರ ಸಹಿ, ಆಮೇಲೆ ಪಾಲು ಮಾಡೋಕೆ ಬೇಕಾದ ಸರ್ವೆಯ 11ಇ ನಕ್ಷೆ, ಭಾಗಪತ್ರ. ಒಬ್ಬ ತಮ್ಮನನ್ನು ಒಪ್ಪಿಸೋಕೆ ಎರಡು ಸಲ ಬಾಡೂಟ. ಹಕ್ಕು ಬದಲಾವಣೆ (ಎಂಆರ್) ಆಗಿ ಪಹಣಿಯಲ್ಲಿ ಹೆಸರು ಕೂರೋ ಹೊತ್ತಿಗೆ ಏಳು ತಿಂಗಳು. ಖರ್ಚು ಎಷ್ಟು ಅಂತ ಬರೆಯಲ್ಲ, ಎಲ್ಲದಕ್ಕೂ ರಸೀದಿ ಇಲ್ಲ. ನೆದರ್‌ಲ್ಯಾಂಡ್ಸ್ ದೆಸೆಯಿಂದ ನಮ್ಮ ಮನೆ ಪಾಲು ಆಯ್ತು ಅಂತ ಊರಲ್ಲಿ ಇವತ್ತಿಗೂ ನಗ್ತಾರೆ. ಕೊನೆಗೆ 4 ಎಕರೆ 10 ಗುಂಟೆ ನನ್ನ ಹೆಸರಿಗೆ ನಿಂತಿತು.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಒಂದು ಮಲೇಷ್ಯಾ. 2023ರ ಡಿಸೆಂಬರಿಂದ ನಮಗೆ ವೀಸಾ ಬೇಡ ಅಂತ ಮಾಡಿದ್ದರಲ್ಲ, ನಾಲ್ಕು ಜನ ಗೆಳೆಯರ ಜೊತೆ ಐದು ದಿನ ಹೋಗಿ ಬಂದೆ. 45 ಸಾವಿರ. ಪಾಸ್‌ಪೋರ್ಟಿಗೆ ಹೋದ ಮುದ್ರೆ, ಬಂದ ಮುದ್ರೆ ಬಿದ್ದವು. ಹೋದವನು ವಾಪಸ್ ಬರ್ತಾನೆ ಅನ್ನೋದಕ್ಕೆ ಅದೊಂದು ಸಣ್ಣ ಸಾಕ್ಷಿ, ಅಷ್ಟೇ. ಅದಕ್ಕಾಗಿಯೇ ಹೋಗಬೇಡಿ.

ಇನ್ನೊಂದು ಐಟಿ ರಿಟರ್ನ್. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಂತ ರಿಟರ್ನ್ ಹಾಕಬಾರದು ಅಂತ ಇಲ್ಲ. ಆ ಆದಾಯ 5,000 ದಾಟಿದರೆ ಐಟಿಆರ್-1 ಅನ್ನೋ ಫಾರ್ಮ್ ನಡೆಯಲ್ಲ, ಐಟಿಆರ್-2ರಲ್ಲಿ ತೋರಿಸಬೇಕು. ಆಡಿಟರ್ 2,500 ತಗೊಂಡು ಮಾಡಿಕೊಟ್ಟರು. ಇದು ಉಪಯೋಗಕ್ಕೆ ಬಂತು. ಅವರೇ 6 ಸಾವಿರಕ್ಕೆ ಆಸ್ತಿ ಮೌಲ್ಯದ ಸರ್ಟಿಫಿಕೇಟ್ ಮಾಡಿಕೊಟ್ಟರು, ನನ್ನ ಜಮೀನು ಕೋಟಿಗಟ್ಟಲೆ ಬಾಳುತ್ತೆ ಅಂತ. ಅದು ದಂಡ. ಓದಿದಾಗ ನನಗೇ ನಗು ಬಂತು, ಕೊನೆಗೆ ಫೈಲಿಗೆ ಹಾಕಲೇ ಇಲ್ಲ.

ಈಗ ದುಡ್ಡಿನ ವಿಷಯ. ನೆದರ್‌ಲ್ಯಾಂಡ್ಸಿಗೆ ಒಬ್ಬರಿಗೆ ದಿನಕ್ಕೆ 55 ಯೂರೋ ಲೆಕ್ಕ ತೋರಿಸಬೇಕು. ಹತ್ತು ದಿನ, ಇಬ್ಬರು, 1,100 ಯೂರೋ. ಆಗ ಸುಮಾರು 1 ಲಕ್ಷ ರೂಪಾಯಿ. ಹೋಟೆಲ್, ವಿಮಾನ ಬೇರೆ ಅನ್ನಿ. ಆದರೂ 7 ಲಕ್ಷದ ಪ್ರವಾಹ ಯಾಕೆ ಬೇಕಿತ್ತು? ಊರ ಚೀಟಿಯಲ್ಲಿ ಕೂಡಿಟ್ಟ ದುಡ್ಡು ನನ್ನ ಹತ್ತಿರ ಇತ್ತು, ಆದರೆ ಊರ ಚೀಟಿಗೆ ಕಾಗದ ಎಲ್ಲಿ? ಚೀಟಿ ನಿಲ್ಲಿಸಿ ಬ್ಯಾಂಕಲ್ಲಿ ತಿಂಗಳು ತಿಂಗಳು ಕಟ್ಟೋ ಆರ್‌ಡಿ ಶುರು ಮಾಡಿದೆ. ಹಾಲಿನ ದುಡ್ಡು ಮೊದಲು ಹೆಂಡತಿ ಖಾತೆಗೆ ಬರ್ತಿತ್ತು. ಅದನ್ನು ನಮ್ಮಿಬ್ಬರ ಜಂಟಿ ಖಾತೆಗೆ ಮಾಡಿಸಿದೆ. ಮೂರು ಹಸು, ದಿನಕ್ಕೆ 20–22 ಲೀಟರ್, ನಮ್ಮ ಡೇರಿಯಲ್ಲಿ 15 ದಿನಕ್ಕೊಮ್ಮೆ ಬಟವಾಡೆ. ಒಂದೊಂದು ಸಲ 9 ಸಾವಿರ, ಒಂದೊಂದು ಸಲ 10 ಸಾವಿರ. ತಿಂಗಳಿಗೆ ಎರಡು ಸಲ, ತಪ್ಪದೆ. ಸ್ಟೇಟ್‌ಮೆಂಟ್ ಮೇಲೆ ನೋಡಿದರೆ ಸಂಬಳವೇ ಅದು! ಕಬ್ಬಿನ ದುಡ್ಡು ಎಷ್ಟೇ ದೊಡ್ಡದಾದರೂ ವರ್ಷಕ್ಕೊಮ್ಮೆ ಬರುತ್ತೆ, ಅನುಮಾನ ತರುತ್ತೆ. ಹಾಲಿನ ದುಡ್ಡು ಮಾನ ಉಳಿಸಿತು.

ಕಬ್ಬಿನ ದುಡ್ಡನ್ನೂ ಬಿಡಲಿಲ್ಲ. ಸ್ಟೇಟ್‌ಮೆಂಟಲ್ಲಿ 50 ಸಾವಿರಕ್ಕಿಂತ ಜಾಸ್ತಿ ಬಂದ ಪ್ರತಿ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಎ, ಬಿ, ಸಿ ಅಂತ ಬರೆದೆ. ಅದೇ ಅಕ್ಷರ ಹಾಕಿ ಕಾರ್ಖಾನೆಯ ಬಿಲ್ಲು ಹಿಂದೆ ಇಟ್ಟೆ. ಟನ್ನಿಗೆ ಇಷ್ಟು, ಕಟಾವು ಸಾಗಾಣಿಕೆ ಕಳೆದು ಇಷ್ಟು. ಗುಂಟೆ ಅಂದ್ರೆ ಅವರಿಗೆ ತಿಳಿಯುತ್ತಾ? ಎಲ್ಲ ಕಡೆ ಹೆಕ್ಟೇರ್ ಮಾಡಿ, 1.72 ಅಂತ ಬರೆದೆ. ಲಕ್ಷದ ಅಲ್ಪವಿರಾಮವನ್ನೂ ಅವರ ಥರ ಇಟ್ಟು, ಪಕ್ಕದಲ್ಲಿ ಯೂರೋ ಹಾಕಿದೆ. ಹೆಸರಿಗೆ ಒಂದೇ ಒಂದು ಅಫಿಡವಿಟ್: ಈ ನಾಲ್ಕು ಥರದ ಹೆಸರೂ ನಾನೇ, 'ಬಿನ್' ಅಂದ್ರೆ ಇಂಥವರ ಮಗ, 'ಕೋಂ' ಅಂದ್ರೆ ಇಂಥವರ ಹೆಂಡತಿ. ಈ ಸಲ ಟೈಪಿಂಗ್ ಅಂಗಡಿಯಲ್ಲಿ ಹುಡುಗನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ.

ವಾಪಸ್ ಬರ್ತೀನಿ ಅನ್ನೋದಕ್ಕೆ ನನ್ನ ದೊಡ್ಡ ಅಸ್ತ್ರ ಕಬ್ಬು ನೋಂದಣಿ ಚೀಟಿ. ಇಷ್ಟು ಕಬ್ಬು ಕಾರ್ಖಾನೆಗೆ ಒಪ್ಪಿಸಿದ್ದೇನೆ, ಕಟಾವು ಜುಲೈಗೆ. ಪ್ರಯಾಣ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ. ನಿಂತ ಬೆಳೆ ಬಿಟ್ಟು ಯಾವ ರೈತ ಪರದೇಶದಲ್ಲಿ ಕೂರ್ತಾನೆ? ಇದನ್ನು ಕವರ್ ಲೆಟರಲ್ಲಿ ಎರಡೇ ಸಾಲಲ್ಲಿ ಹೇಳಿದೆ. ಹಿಂದಿನ ಎರಡು ರಿಜೆಕ್ಟನ್ನೂ ಮುಚ್ಚಿಡಲಿಲ್ಲ, ಐದು ವರ್ಷ ಅವರ ಕಂಪ್ಯೂಟರಲ್ಲಿ ಇರುತ್ತೆ. ಆ ಪ್ಯಾರಾ ಹೇಗೆ ಬರೆದೆ ಅಂತ ಮಾತ್ರ ಇಲ್ಲಿ ಹೇಳಲ್ಲ. ವೀಸಾ ಅರ್ಜಿ ತಗೊಳ್ಳೋ ಬೆಂಗಳೂರು ಸೆಂಟರಿನ ಸ್ಲಾಟ್ ಯಾವ ಹೊತ್ತಿಗೆ ಬಿಡ್ತಾರೆ ಅಂತಲೂ ಹೇಳಲ್ಲ. ಹೇಳಿದರೆ ಮುಂದಿನ ಸಲ ನನಗೇ ಸಿಗಲ್ಲ.

ಬೆರಳಿನ ಕಥೆ ಒಂದಿದೆ. ಮೊದಲ ಸಲ ಸೆಂಟರಲ್ಲಿ ನನ್ನ ಬೆರಳು ಯಂತ್ರಕ್ಕೆ ಹಿಡಿಯಲೇ ಇಲ್ಲ. ರೇಷನ್ ಅಂಗಡಿಯಲ್ಲೂ ಇದೇ ಗೋಳು, ಸೋಗೆ ಸುಲಿದು ಮಚ್ಚು ಹಿಡಿದ ಕೈ. ಒದ್ದೆ ಬಟ್ಟೆಯಲ್ಲಿ ಒರೆಸು, ಒತ್ತು, ಮತ್ತೆ ಒರೆಸು. ಬಲಗೈ ಹೆಬ್ಬೆರಳು ಆರನೇ ಸಲಕ್ಕೆ ಬಂತು. ಹಿಂದೆ ಕ್ಯೂನಲ್ಲಿದ್ದ ಕಂಪ್ಯೂಟರ್ ಹುಡುಗರು ಗಡಿಯಾರ ನೋಡ್ತಿದ್ದರು. ಒಂದು ಸಲ ಕೊಟ್ಟ ಬೆರಳು 59 ತಿಂಗಳು ನಡೆಯುತ್ತೆ, ಹಾಗಾಗಿ ಆಮೇಲೆ ಕೇಳಲಿಲ್ಲ. ಹೊಸದಾಗಿ ಹೋಗೋ ರೈತರು ಒಂದು ವಾರ ಮಚ್ಚು ಮುಟ್ಟದೆ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ನಮ್ಮ ತಮ್ಮನ ಆಧಾರ್ ಅಪ್‌ಡೇಟಿಗೆ ಮಾಡಿಸಿ ನೋಡಿದ್ದೇನೆ, ಎರಡನೇ ಸಲಕ್ಕೇ ಹಿಡಿಯಿತು.

ಮೂರನೇ ಸಲ, 2025ರ ಫೆಬ್ರವರಿ. ಕೌಂಟರಿನ ಹುಡುಗಿ ಫಾರ್ಮ್ ನೋಡಿ ಮೆತ್ತಗೆ ಹೇಳಿದಳು, "ಫಾರ್ಮರ್ ಅಂತ ಬೇಡ ಸರ್, ಅಗ್ರಿ ಬಿಸಿನೆಸ್ ಅಂತ ಬರೀರಿ, ಚೆನ್ನಾಗಿರುತ್ತೆ." ಬೇಡಮ್ಮ ಅಂದೆ. ಫೈಲೆಲ್ಲ ರೈತ ಅಂತ ಹೇಳುವಾಗ ಫಾರ್ಮಲ್ಲಿ ಮಾತ್ರ ಬಿಸಿನೆಸ್ ಆದರೆ ಮತ್ತೆ ಬಿನ್ ಸಾಹೇಬನ ಕಥೆಯೇ. ಎಸ್ಸೆಮ್ಮೆಸ್ಸು, ಲೌಂಜು, ಜೆರಾಕ್ಸು ಅಂತ ಏನೇನೋ ಹಚ್ಚೋಕೆ ನೋಡಿದರು, ಕೊರಿಯರ್ ಒಂದು ತಗೊಂಡೆ. ಫೀಸು ಈಗ 90 ಯೂರೋ, ಇಬ್ಬರದೂ ಎಲ್ಲ ಸೇರಿ 26 ಸಾವಿರದ ಹತ್ತಿರ.

ಹನ್ನೆರಡನೇ ದಿನವೋ ಹದಿಮೂರನೇ ದಿನವೋ ಕೊರಿಯರ್ ಹುಡುಗ ಫೋನ್ ಮಾಡಿದ. ನಾನು ಡೇರಿ ಮುಂದೆ ಕ್ಯಾನ್ ಹಿಡಿದು ನಿಂತಿದ್ದೆ. ಅಲ್ಲೇ ಕವರ್ ಹರಿದೆ. ಕೈಯಲ್ಲಿ ಹಾಲಿನ ಜಿಡ್ಡು, ಪುಟ ಅಂಟಿಕೊಂಡಿತ್ತು. ನನ್ನದರಲ್ಲಿ ಸ್ಟಿಕರ್ ಇತ್ತು. ಹೆಂಡತಿಯದು ತೆಗೆಯೋಕೆ ಭಯ ಆಯ್ತು. ಡೇರಿ ಸೆಕ್ರೆಟರಿ ಕೈಗೆ ಕೊಟ್ಟು ನೋಡಿ ಅಂದೆ. ಅವರು ಹಾಳೆ ತಿರುವಿ, "ಬಣ್ಣಬಣ್ಣದ್ದು ಏನೋ ಅಂಟಿಸವ್ರೆ ಕಣಣ್ಣ" ಅಂದರು. ಒಂದೇ ಸಲ ಹೋಗಿ ಬರೋ ವೀಸಾ. ಸಾಕು.

ಒಡ್ಡಿನ ಮೇಲೆ ನಿಂತಾಗ ಒಂದು ಕಡೆ ಉಪ್ಪು, ಒಂದು ಕಡೆ ಸಿಹಿ, ಟೋಪಿ ಹಾರಿಹೋಗೋ ಗಾಳಿ. ಅದನ್ನು ಇನ್ನೊಂದು ಸಲ ಬರೀತೀನಿ. ಈಗ ನನ್ನ ಲೆಕ್ಕ ಬೇರೆ ಇದೆ. 2024ರ ಏಪ್ರಿಲಲ್ಲಿ ನಮ್ಮ ದೇಶದವರಿಗೆ ಅಂತ ಹೊಸ ನಿಯಮ ಮಾಡಿದ್ದಾರೆ. ಮೂರು ವರ್ಷದೊಳಗೆ ಎರಡು ವೀಸಾ ತಗೊಂಡು ಸರಿಯಾಗಿ ಹೋಗಿ ಬಂದವರಿಗೆ ಎರಡು ವರ್ಷದ್ದು ಸಿಗುವ ದಾರಿ ಇದೆ. ನನಗೆ ಇನ್ನೊಂದು ಬೇಕು. ಹೆಂಡತಿ ಕಾಶಿ ಅಂತಿದ್ದಾಳೆ, ಮಾತುಕತೆ ನಡೀತಿದೆ.

ಹೋದ ತಿಂಗಳು ಪಕ್ಕದೂರಿನವರು ಒಬ್ಬರು ಪಾಸ್‌ಬುಕ್ ಹಿಡಿದು ಬಂದಿದ್ದರು. ಕೊನೆ ಪುಟ ನೋಡಿದೆ, ಹಿಂದಿನ ವಾರ 6 ಲಕ್ಷ ಒಟ್ಟಿಗೆ ಬಿದ್ದಿತ್ತು. ಮೊದಲು ಇದನ್ನು ಕೊಟ್ಟವರಿಗೆ ವಾಪಸ್ ಕೊಡಿ, ಆರು ತಿಂಗಳು ಡೇರಿಗೆ ಹಾಲು ಹಾಕಿ ಬನ್ನಿ ಅಂದೆ. ಅವರಿಗೆ ಸಿಟ್ಟು ಬಂತು, ಕಾಫಿ ಕುಡಿಯದೆ ಎದ್ದು ಹೋದರು. ಮೈಸೂರಲ್ಲಿ ಅದೇ ಏಜೆಂಟ್ ಹತ್ತಿರ ಕೊಟ್ಟಿದ್ದಾರಂತೆ.