ಮೂರು ವಚನಗಳ ತಿಂಗಳು

ಆ ಭಾನುವಾರ ದೇವಾಲಯದಲ್ಲಿ (ಚರ್ಚಿನಲ್ಲಿ) ಸತ್ಯವೇದ, ಅಂದರೆ ಬೈಬಲಿನ, ಪಾಠ ಓದುವ ಸರದಿ ನನ್ನದಾಗಿತ್ತು. ಪುಸ್ತಕ ಒಯ್ದಿರಲಿಲ್ಲ, ಮೊಬೈಲಿನಲ್ಲೇ ಓದುತ್ತಿದ್ದೆ. ಯೇಸುವಿನ ಸಂದೇಶ ಸಾರಿದ ಪೌಲನು ರೋಮದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ. ಅದರ ತುಂಬ ಹೆಸರುಗಳು: ಇಂಥವರಿಗೆ ವಂದನೆ ಹೇಳಿರಿ, ಅಂಥವರಿಗೆ ವಂದನೆ ಹೇಳಿರಿ ಎಂದು ಒಬ್ಬೊಬ್ಬರನ್ನೂ ನೆನೆಯುತ್ತಾನೆ. ಪ್ರಿಸ್ಕಿಲ್ಲ, ಅಕ್ವಿಲರನ್ನು ದಾಟಿ ಮರಿಯಳ ಹೆಸರಿಗೆ ಬಂದಿದ್ದೆ. ಅಷ್ಟರಲ್ಲಿ ಪರದೆಯ ಮೇಲ್ತುದಿಯಿಂದ ಒಂದು ಸುದ್ದಿ ಇಳಿಯಿತು. ಎಲ್ಲೋ ಬಸ್ಸು ಕಮರಿಗೆ ಉರುಳಿತ್ತು, ಸತ್ತವರ ಸಂಖ್ಯೆ ಏರಿತ್ತು. ಕಣ್ಣು ಅದನ್ನು ಓದಿತು, ಬಾಯಿ ನಿಂತಿತು. ಬೆರಳು ತಾಗಿ ಪುಟ ಸರಿದದ್ದೂ ತಿಳಿಯಲಿಲ್ಲ. ಕಣ್ಣಿಗೆ ಬಿದ್ದಲ್ಲಿಂದ ಮುಂದುವರಿಸಿ ಮುಗಿಸಿದೆ.

ಮನೆಗೆ ಬಂದ ಮೇಲೆ ಅಮ್ಮ ತಮ್ಮ ಸತ್ಯವೇದವನ್ನು ಮಡಿಲಲ್ಲಿಟ್ಟುಕೊಂಡೇ ಕೇಳಿದರು: “ಮರಿಯಳ ನಂತರ ರೂಫನಿಗೆ ಹಾರಿಬಿಟ್ಟೆಯಲ್ಲ. ನಡುವಿನವರನ್ನು ಯಾಕೆ ಬಿಟ್ಟೆ?”

ಆರು ವಚನ, ಅಂದರೆ ಅಧ್ಯಾಯದೊಳಗಿನ ಸಂಖ್ಯೆ ಹಾಕಿದ ಆರು ಪುಟ್ಟ ಭಾಗಗಳು, ಬಿಟ್ಟುಹೋಗಿದ್ದವು. ವಂದನೆ ಪಡೆಯಬೇಕಾದ ಹತ್ತು ಜನರ ಹೆಸರು.

ನಾನು ಮಂಗಳೂರಿನ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಸಂಜೆ ಐದಕ್ಕೆ ಕುಳಿತರೆ ಮುಖಪುಟ ಅಚ್ಚಿಗೆ ಹೋಗುವ ತನಕ, ಅಂದರೆ ನಡುರಾತ್ರಿ ದಾಟುವ ತನಕ, ಸುದ್ದಿಯೇ ನನ್ನ ಕೆಲಸ, ಸುದ್ದಿಯೇ ನನ್ನ ಅನ್ನ. ಅದನ್ನು ಹಳಿಯಲು ಮನಸ್ಸಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಇದೇ ಊರಿನಲ್ಲಿ ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಸುವಾರ್ತೆ ಸಾರಲು ಬಂದವರೇ ಸುದ್ದಿಯನ್ನೂ ಹಂಚಿದರೆಂಬುದು ನನಗೆ ಇಂದಿಗೂ ಹೆಮ್ಮೆ. ಆದರೆ ಕಲ್ಲಚ್ಚಿನ ಆ ಪತ್ರಿಕೆ ಬರುತ್ತಿದ್ದುದು ಹದಿನೈದು ದಿನಕ್ಕೊಮ್ಮೆ. ಓದಿದ್ದನ್ನು ಮನಸ್ಸಿನಲ್ಲಿ ತಿರುವಿ ನೋಡಲು ಓದುಗನಿಗೆ ಎರಡು ವಾರ ಸಿಗುತ್ತಿತ್ತು. ನನಗೆ ಎರಡು ನಿಮಿಷ ಸಿಕ್ಕರೂ ಅದನ್ನು ಮೊಬೈಲಿಗೆ ಕೊಟ್ಟುಬಿಡುತ್ತಿದ್ದೆ. ಕಚೇರಿಯಲ್ಲಿ ಓದಿದ ಸುದ್ದಿಯನ್ನೇ ಮನೆಗೆ ಬಂದು ಹಾಸಿಗೆಯಲ್ಲಿ ಮತ್ತೆ ಓದುತ್ತಿದ್ದೆ.

ಮೊದಲ ಪ್ರಯತ್ನವಾಗಿ ಆ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ನ ನಲವತ್ತು ದಿನ, ಕೆಲಸದ ಹೊತ್ತು ಬಿಟ್ಟರೆ ಮೊಬೈಲ್ ಮುಟ್ಟುವುದಿಲ್ಲ ಎಂದು ವ್ರತ ಹಿಡಿದೆ. ಕೊನೆಯ ತನಕ ನಡೆಸಿದೆ. ಈಸ್ಟರ್ ಸಂಜೆಯ ಹೊತ್ತಿಗೆ ಮಾತ್ರ ಹಿಂದೆಂದಿಗಿಂತ ಹೆಚ್ಚು ಹೊತ್ತು ಅದರಲ್ಲೇ ಮುಳುಗಿದ್ದೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುವ ಒಂದು ಮಾತು ಆಗ ನೆನಪಾಯಿತು. ದುರಾತ್ಮ ಬಿಟ್ಟುಹೋದ ಮನೆ ಗುಡಿಸಿ ಅಲಂಕರಿಸಿದ್ದರೂ ಬರಿದಾಗಿತ್ತು. ಹಾಗಾಗಿ ಅದು ತನಗಿಂತ ಕೆಟ್ಟ ಏಳನ್ನು ಕರೆದುಕೊಂಡು ಬಂದು ಅಲ್ಲೇ ನೆಲೆಸಿತು. ನಾನು ಮನೆ ಗುಡಿಸಿದ್ದೆ. ಯಾರನ್ನೂ ಒಳಗೆ ಕರೆದಿರಲಿಲ್ಲ.

ಇನ್ನೊಂದು ಸಂಗತಿ ಒಪ್ಪಿಕೊಳ್ಳಲು ಇದಕ್ಕಿಂತ ಕಷ್ಟವಾಯಿತು. ನನ್ನೊಳಗಿನ ಗದ್ದಲದಲ್ಲಿ ಭಕ್ತಿಯ ಪಾಲೂ ದೊಡ್ಡದಿತ್ತು. ದಿನದ ವಚನ ಕಳಿಸುವ ಗುಂಪುಗಳೇ ನಾಲ್ಕು. ಪ್ರಾರ್ಥನೆಯ ಕೋರಿಕೆಗಳಿಗೆ ಮತ್ತೊಂದು. ಅದರಲ್ಲಿ ಯಾರದೋ ಶಸ್ತ್ರಚಿಕಿತ್ಸೆಗೆ ಕೈಮುಗಿದ ಚಿತ್ರ ಒತ್ತಿ, ಒಂದು ಮಾತೂ ಪ್ರಾರ್ಥಿಸದೆ ಮುಂದೆ ಹೋದ ದಿನಗಳಿಗೆ ಲೆಕ್ಕವಿಲ್ಲ. ಪ್ರಸಂಗಗಳ (ಧರ್ಮೋಪದೇಶಗಳ) ವಿಡಿಯೊ ಕೇಳುತ್ತಲೇ ಪತ್ರಗಳಿಗೆ ಉತ್ತರ ಬರೆಯುತ್ತಿದ್ದೆ. ಒಂದು ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಯೋಜನೆಯ ಆ್ಯಪ್ ಎಷ್ಟು ದಿನ ತಪ್ಪದೆ ಓದಿದೆ ಎಂದು ಎಣಿಸಿ ತೋರಿಸುತ್ತಿತ್ತು. ಎಣಿಕೆ ಮುರಿಯಬಾರದೆಂದು ಯಾಜಕಕಾಂಡದ ಮೂರು ಅಧ್ಯಾಯಗಳನ್ನು ಲಿಫ್ಟಿಗೆ ಕಾಯುತ್ತ ಓಡಿಸಿದ್ದೇನೆ. ದೇವರ ವಾಕ್ಯವೂ ನನಗೆ ಸುದ್ದಿಯಾಗಿಬಿಟ್ಟಿತ್ತು: ಕಣ್ಣಾಡಿಸು, ದಾಟು.

ನಮ್ಮ ಸಭಾಪಾಲಕರ (ಪಾಸ್ಟರ್) ಬಳಿ ಇದನ್ನೆಲ್ಲ ಹೇಳಿದಾಗ ಅವರು ಉಪದೇಶ ಮಾಡಲಿಲ್ಲ. “ನೂರಮೂವತ್ತೊಂದನೆಯ ಕೀರ್ತನೆ ಓದಿ. ಒಂದು ತಿಂಗಳು ಅದೊಂದೇ ಸಾಕು” ಎಂದರು.

ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿರುವ ಆ ಹಾಡಿನಲ್ಲಿ ಮೂರೇ ವಚನಗಳಿವೆ. ದಾವೀದನ ಹೆಸರಿನ ಯಾತ್ರಾಗೀತೆ. ನನ್ನ ಅಳವಿಗೆ ಮೀರಿದ ದೊಡ್ಡ ಸಂಗತಿಗಳಲ್ಲಿ ನಾನು ಕೈಹಾಕುವುದಿಲ್ಲ ಎನ್ನುತ್ತಾನೆ ಕವಿ. ಮೊಲೆ ಬಿಡಿಸಿದ ಕೂಸು ತಾಯಿಯ ಬಳಿ ಇರುವಂತೆ ನನ್ನ ಪ್ರಾಣವು ಸಮಾಧಾನದಿಂದಿದೆ ಎನ್ನುತ್ತಾನೆ. ಮೊದಲ ವಚನ ನೇರವಾಗಿ ನನ್ನ ವೃತ್ತಿಗೇ ತಾಗಿತು. ಎರಡನೆಯದು ಅರ್ಥವಾಗಲಿಲ್ಲ. ಸಮಾಧಾನದ ಮಗು ಬೇಕಿದ್ದರೆ ಹಾಲು ಕುಡಿದು ನಿದ್ದೆ ಹೋದ ಕೂಸನ್ನು ಹೇಳಬಹುದಿತ್ತು. ಮೊಲೆ ಬಿಡಿಸಿದ್ದು ಯಾಕೆ?

ಅಮ್ಮನನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: “ನಿನಗೆ ಬಿಡಿಸುವಾಗ ಬೇವಿನೆಲೆ ಅರೆದು ಹಚ್ಚಿಕೊಂಡಿದ್ದೆ. ಮೂರು ರಾತ್ರಿ ಇಡೀ ಮನೆಗೆ ನಿದ್ದೆಯಿಲ್ಲ, ಅಷ್ಟು ಅತ್ತೆ. ಅದಕ್ಕೆ ಮೊದಲು ನನ್ನ ಮಡಿಲಿಗೆ ಬಂದರೆ ನೀನು ಹುಡುಕುತ್ತಿದ್ದುದು ಹಾಲನ್ನು. ಸೆರಗು ಎಳೆಯುತ್ತಿದ್ದೆ, ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ನಾಲ್ಕನೆಯ ದಿನವೋ ಐದನೆಯ ದಿನವೋ ಬಂದು ಸುಮ್ಮನೆ ಮಲಗಿದೆ. ಏನನ್ನೂ ಕೇಳಲಿಲ್ಲ. ಅವತ್ತು ನೀನು ಬಂದದ್ದು ನನಗಾಗಿ.”

ನಾನು ಓದಿದ ಯಾವ ವ್ಯಾಖ್ಯಾನವೂ ಆ ವಚನವನ್ನು ನನಗೆ ಹೀಗೆ ತೆರೆದು ಕೊಟ್ಟಿರಲಿಲ್ಲ. ದೇವರ ಬಳಿ ಹೋದಾಗಲೂ ನಾನು ಸೆರಗು ಎಳೆಯುತ್ತಲೇ ಇದ್ದೆ. ಹೊಸ ವಚನ, ಹೊಸ ಪ್ರಸಂಗ, ಇವತ್ತಿಗೊಂದು ಮಾತು, ಏನಾದರೂ ಕೊಡು. ಆತನಿಗಾಗಿಯೇ ಹೋಗಿ ಕುಳಿತದ್ದು ಯಾವಾಗ ಎಂದು ನೆನೆದರೆ ನೆನಪಾಗಲಿಲ್ಲ.

ಏರ್ಪಾಡು ಸರಳವಾಗಿತ್ತು. ಒಂದು ಅಲಾರಂ ಗಡಿಯಾರ ಕೊಂಡೆ. ಮೊಬೈಲನ್ನು ರಾತ್ರಿ ಅಡುಗೆಮನೆಯಲ್ಲಿ ಮಿಕ್ಸಿಯ ಪಕ್ಕ ಚಾರ್ಜಿಗೆ ಹಾಕಿ ಮಲಗತೊಡಗಿದೆ. ಬೆಳಿಗ್ಗೆ ಎದ್ದು ಮೊಬೈಲ್ ಮುಟ್ಟುವ ಮೊದಲು ಹಿಂದಿನ ಜಗಲಿಯಲ್ಲಿ ಅಪ್ಪನ ಹಳೆಯ ಸತ್ಯವೇದ ಮತ್ತು ಒಂದು ನೋಟ್ ಪುಸ್ತಕದೊಂದಿಗೆ ಕೂರುವುದು. ಒಂದು ವಚನವನ್ನು ಕೈಯಲ್ಲಿ ನಿಧಾನವಾಗಿ ಬರೆಯುವುದು, ಗಟ್ಟಿಯಾಗಿ ಓದುವುದು, ಆಮೇಲೆ ಇಪ್ಪತ್ತು ನಿಮಿಷ ಸುಮ್ಮನಿರುವುದು. ಮರುದಿನವೂ ಅದೇ ವಚನ. ಮೂರು ವಚನಕ್ಕೆ ಒಂದು ತಿಂಗಳು. ದಿನದ ವಚನ ಕಳಿಸುವ ನಾಲ್ಕೂ ಗುಂಪುಗಳಿಂದ ಕಾರಣ ತಿಳಿಸಿ ಹೊರಬಂದೆ. ಒಬ್ಬ ಹಿರಿಯರಿಗೆ ನೋವಾಯಿತು, ಅವರ ಮನೆಗೇ ಹೋಗಿ ಮಾತಾಡಿ ಬಂದೆ. ಕೋರಿಕೆಯ ಗುಂಪಿನಲ್ಲಿ ಮಾತ್ರ ಉಳಿದುಕೊಂಡೆ.

ಅಮ್ಮ ಹೇಳಿದ ಮೂರು ರಾತ್ರಿಗಳು ನನಗೆ ಮೂರು ವಾರಗಳಾದವು. ಮೌನವೆಂದರೆ ತಂಪು ಎಂದುಕೊಂಡಿದ್ದೆ. ಕೂತ ಐದನೆಯ ನಿಮಿಷಕ್ಕೆ ಕೈ ತಾನಾಗಿ ಜೇಬು ತಡಕುತ್ತಿತ್ತು. ಅದು ಅಡಗಿದ ಮೇಲೆ ಎದ್ದು ಬಂದದ್ದು ತಮ್ಮನ ಮುಖ. ತೋಟದ ಪಾಲಿನ ವಿಷಯದಲ್ಲಿ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅಷ್ಟು ವರ್ಷ ಆ ನೋವಿನ ಮೇಲೆ ಸುದ್ದಿಯನ್ನು ಸುರಿಯುತ್ತ ಬಂದಿದ್ದೆ ಎಂದು ಆ ಜಗಲಿಯಲ್ಲಿ ತಿಳಿಯಿತು. ಹದಿನೆಂಟನೆಯ ದಿನ ಫೋನ್ ಮಾಡಿದೆ, ಎತ್ತಲಿಲ್ಲ. ಇಪ್ಪತ್ತೊಂದನೆಯ ದಿನ ಎತ್ತಿದ. “ಅಣ್ಣ, ಅಮ್ಮನಿಗೆ ಹುಷಾರಿದೆಯಾ?” ಎಂದು ಗಾಬರಿಯಿಂದ ಕೇಳಿದ. ಬೇರಾವ ಕಾರಣಕ್ಕೂ ನಾನು ಕರೆಯಲಾರೆ ಎಂದೇ ಅವನು ತಿಳಿದಿದ್ದ. ಪಾಲಿನ ತಕರಾರು ಇನ್ನೂ ಮುಗಿದಿಲ್ಲ. ಮಾತು ಶುರುವಾಗಿದೆ.

ಲೋಕ ಉರಿಯುತ್ತಿರುವಾಗ ಬಾಗಿಲು ಹಾಕಿಕೊಂಡು ಕೂರುವುದು ಸರಿಯೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ, ನನ್ನನ್ನು ಬಹಳ ದಿನ ಕಾಡಿತು. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿರುತ್ತಾನೆ. ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎನ್ನುತ್ತಾರೆ. ಹಿಂದಿನ ಸಂಜೆ ಆತ ಅನೇಕರನ್ನು ಗುಣಪಡಿಸಿದ್ದ ಆ ಊರಿನಲ್ಲಿ ಇನ್ನೂ ರೋಗಿಗಳು ಉಳಿದಿದ್ದಿರಬೇಕು. ಆದರೂ ಆತ ಮರಳಿ ಅಲ್ಲಿಗೆ ಹೋಗದೆ, ಹತ್ತಿರದ ಬೇರೆ ಊರುಗಳಿಗೆ ಹೋಗೋಣ, ನಾನು ಬಂದದ್ದು ಅದಕ್ಕಾಗಿಯೇ ಎನ್ನುತ್ತಾನೆ. ಎಲ್ಲ ಕರೆಗೂ ಓಗೊಡದಿರುವುದು ಕಲ್ಲುಮನಸ್ಸಿನ ಲಕ್ಷಣವಾಗಿದ್ದರೆ ಸುವಾರ್ತೆ ಇದನ್ನು ಬರೆದಿಡುತ್ತಿರಲಿಲ್ಲ.

ಈಗ ಕಚೇರಿಯಿಂದ ಹೊರಡುವ ಮುನ್ನ ಆ ದಿನ ನಾನು ತಿದ್ದಿದ ಸುದ್ದಿಗಳಲ್ಲಿ ಒಂದನ್ನು ಆರಿಸಿ, ಅದರಲ್ಲಿರುವ ಒಬ್ಬರ ಹೆಸರನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಸಂಖ್ಯೆ ಬರೆಯುವುದಿಲ್ಲ. ಮರುದಿನ ಬೆಳಿಗ್ಗೆ ಆ ಹೆಸರು ಹೇಳಿ ಪ್ರಾರ್ಥಿಸುತ್ತೇನೆ, ಕೈಲಾದರೆ ಏನಾದರೂ ಮಾಡುತ್ತೇನೆ. ಮನೆ ಕುಸಿದು ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಊರು ಕಚೇರಿಯಿಂದ ಒಂದು ಗಂಟೆಯ ದಾರಿ ಎಂದು ಹೊಳೆದದ್ದು ಹೀಗೆ ಪ್ರಾರ್ಥಿಸುವಾಗಲೇ. ಹೋಗಿ ಬಂದೆ. ಇಷ್ಟು ವರ್ಷದಲ್ಲಿ ನಾನು ಪುಟಕ್ಕೆ ಹಾಕಿದ ಸುದ್ದಿಯ ಮನೆಗೆ ಹೋದದ್ದು ಅದೇ ಮೊದಲು.

ಚುನಾವಣೆಯ ಫಲಿತಾಂಶದಂಥ ದಿನಗಳಲ್ಲಿ ಇದೆಲ್ಲ ಅಸ್ತವ್ಯಸ್ತವಾಗುತ್ತದೆ. ಮನೆ ಸೇರುವಾಗ ಎರಡೂವರೆಯಾಗಿ, ತಲೆಯೊಳಗೆ ಅಂಕಿಗಳು ಸುತ್ತುತ್ತ ನಿದ್ದೆ ಬರುವುದಿಲ್ಲ. ಅಂಥ ರಾತ್ರಿಗಳಿಗೆಂದೇ ಈ ತಿಂಗಳು ನೂರಿಪ್ಪತ್ತೊಂದನೆಯ ಕೀರ್ತನೆ ಹಿಡಿದಿದ್ದೇನೆ. ಎಂಟು ವಚನಗಳಿವೆ. ನಿನ್ನನ್ನು ಕಾಯುವವನು ತೂಕಡಿಸುವುದಿಲ್ಲ ಎಂಬ ಮೂರನೆಯ ವಚನಕ್ಕೆ ಬಂದು ಆರು ದಿನವಾಯಿತು, ಇನ್ನೂ ಮುಂದೆ ಹೋಗಿಲ್ಲ.