ಹೆಣ್ಣುಮಗುವಿಗೆ ಎರಡಕ್ಷರದ ಹೆಸರು ಹುಡುಕುವುದು ಹೇಗೆ?

ಮೊದಲು ಮನೆಯಲ್ಲಿ ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ: ನಕ್ಷತ್ರದ ಅಕ್ಷರ ಬೇಕೋ ಬೇಡವೋ. ಬೇಕು ಅಂದರೆ ಆಯ್ಕೆ ತಾನಾಗಿಯೇ ಕಡಿಮೆಯಾಗುತ್ತದೆ. ರೋಹಿಣಿಗೆ ಓ, ವಾ, ವಿ, ವು. ಅಲ್ಲಿಗೆ ವಾಣಿ ಸಿಕ್ಕಿತು, ಮುಗೀತು. ನಿಮಗೆ ಬೇಡ, ಆದರೆ ಅಜ್ಜಿ ಒಪ್ಪದಿದ್ದರೆ ಆ ಅಕ್ಷರದ ಹೆಸರನ್ನು ತೊಟ್ಟಿಲಲ್ಲಿ ಕಿವಿಯಲ್ಲಿ ಹೇಳಿ, ಕರೆಯುವುದಕ್ಕೆ ಬೇರೆ ಇಡಿ.

ಉಮಾ, ಉಷಾ, ತಾರಾ ಹಳೆಯವು ಅಂತ ಮೂಗು ಮುರಿಯಬೇಡಿ, ಈಗ ತರಗತಿಯಲ್ಲಿ ಇಂಥ ಹೆಸರು ಒಂದೂ ಇರದಿರಬಹುದು. ಅಚ್ಚಗನ್ನಡ ಬೇಕಾದರೆ ಬೆಳ್ಳಿ, ಚುಕ್ಕಿ, ಹನಿ, ಸೋನೆ ಇವೆ. ಸಿರಿ ನನಗೆ ತುಂಬಾ ಇಷ್ಟ, ಆದರೆ ಐಫೋನಿನ ಧ್ವನಿ ಸಹಾಯಕಿಯ ಹೆಸರೂ ಅದೇ, ಮಗುವನ್ನು ಕರೆದರೆ ಫೋನ್ ಓಗೊಡುತ್ತದೆ, ಏನ್ ಮಾಡೋದು!

ಆಮೇಲೆ ಇಂಗ್ಲಿಷಿನಲ್ಲಿ ಬರೆದು ನೋಡಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಇಳಾ ಅಂದರೆ ಭೂಮಿ, ಎಷ್ಟು ಚೆಂದ ಅಲ್ವಾ, ಆದರೆ ಇಂಗ್ಲಿಷಿನಲ್ಲಿ ಳ ಇಲ್ಲ, ಹಾಗಾಗಿ ಹೊರಗಿನವರ ಬಾಯಲ್ಲಿ ಅದು ಇಲಾ ಆಗುತ್ತದೆ, ಕೆಲವರಿಗೆ ಐಲಾ ಕೂಡ. ಅಪ್ಪನ ಇನಿಶಿಯಲ್ ಸೇರಿಸಿಯೂ ಓದಿ. ಕೊನೆಗೆ ಬಾಗಿಲಲ್ಲಿ ನಿಂತು ಬೀದಿ ತುದಿಗೆ ಕೇಳುವಂತೆ ಕೂಗಿ. ‘ತಾರಾ’ ಎಳೆದಷ್ಟೂ ಹೋಗುತ್ತದೆ, ‘ಹನಿ’ ಅಷ್ಟು ಹೋಗಲ್ಲ.

ಹೊತ್ತು ಬೇಕಿದ್ದರೆ ತಗೊಳ್ಳಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ನಿಜ, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಪುಟ್ಟಿ ಇದ್ದೇ ಇದೆ.