ಮೂಸ್‌ವುಡ್ ಪುಸ್ತಕಗಳನ್ನು ನಮ್ಮ ಅಡುಗೆಮನೆಗೆ ಇಳಿಸುವುದು ಹೇಗೆ?

ಮೂಸ್‌ವುಡ್ ಅನ್ನೋದು ಮಾಂಸವಿಲ್ಲದ ಅಡುಗೆಗೆ ಹೆಸರಾದ ಅಮೆರಿಕದ ಒಂದು ಹೋಟೆಲ್. ಅದರ ಹೆಸರಿನ ಅಡುಗೆ ಪುಸ್ತಕ ಕೈಗೆ ಸಿಕ್ಕರೆ ತಕ್ಷಣ ಒಲೆ ಹಚ್ಚಬೇಡಿ. ಮೊದಲು ಮುಖಪುಟದಲ್ಲಿ ಯಾರ ಹೆಸರಿದೆ ನೋಡಿ. ಆಮೇಲೆ ಒಳಗೆ ಯಾವ ಇಸವಿ ಹಾಕಿದ್ದಾರೆ ನೋಡಿ. ಈ ಎರಡು ಗೊತ್ತಾದರೆ ಬೆಣ್ಣೆ ಎಷ್ಟು ಕಮ್ಮಿ ಮಾಡಬೇಕು, ಮೊಟ್ಟೆ ಎಲ್ಲಿ ಅಡಗಿ ಕೂತಿರಬಹುದು, ಮೀನು ಬರುತ್ತಾ ಇಲ್ವಾ ಅನ್ನೋದು ಅರ್ಧ ಗೊತ್ತಾದ ಹಾಗೆ.

ನನ್ನ ತಂಗಿ ಕೆಲವು ವರ್ಷ ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಲ್ಲಿದ್ದಳು. ಬರುವಾಗ ಹಳೇ ಪುಸ್ತಕದ ಮಾರಾಟದಲ್ಲಿ ಸಿಕ್ಕಿದ್ದನ್ನೆಲ್ಲ ಹೊತ್ತು ತಂದಳು. ಈಗ ಅವು ಮೈಸೂರಿನ ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ಸಾರಿನ ಪುಡಿ ಡಬ್ಬಿ ಪಕ್ಕದಲ್ಲೇ ಇವೆ. ನಮ್ಮಮ್ಮ ಮೊಟ್ಟೆ ಮುಟ್ಟುವುದಿಲ್ಲ. ಹಾಗಾಗಿ ಈ ಪುಸ್ತಕಗಳನ್ನು ಜರಡಿ ಹಿಡಿದೇ ಬಳಸಬೇಕಾಗುತ್ತದೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ, ಅದು ಅಡುಗೆಗೇ ಬೇಕು. 1973ರಲ್ಲಿ ಇಥಾಕಾ ಪೇಟೆ ಮಧ್ಯದ ಒಂದು ಹಳೇ ಸ್ಕೂಲ್ ಕಟ್ಟಡದಲ್ಲಿ ಕೆಲವು ಗೆಳೆಯರು ಸೇರಿ ಮೂಸ್‌ವುಡ್ ಶುರುಮಾಡಿದರು. ಆ ಕಟ್ಟಡಕ್ಕೆ ಡೆವಿಟ್ ಮಾಲ್ ಅಂತ ಹೆಸರು. ಮುಂದೆ ಇದು ಕೆಲಸಗಾರರೇ ಮಾಲೀಕರಾದ ಹೋಟೆಲ್ ಆಯಿತು. ಅಡುಗೆ, ಬಡಿಸೋದು, ಪಾತ್ರೆ, ಲೆಕ್ಕ ಎಲ್ಲವನ್ನೂ ಸರದಿ ಮೇಲೆ ಹಂಚಿಕೊಳ್ಳುತ್ತಿದ್ದರು. ಏನೇ ತೀರ್ಮಾನ ಆದರೂ ಎಲ್ಲರೂ ಕೂತು ಮಾತಾಡಿಯೇ. ಊಟದ ಪಟ್ಟಿ ದಿನಾ ಬದಲಾಗುತ್ತಿತ್ತು. ಕೆಲಸಗಾರರ ಹೋಟೆಲ್ ಅನ್ನೋದು ನಮಗೇನೂ ಹೊಸದಲ್ಲ, ಅಲ್ವಾ? ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರು ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿದ್ದು 1957ರಲ್ಲಿ.

ಈಗ ಮುಖಪುಟಕ್ಕೆ ಬನ್ನಿ. ಮಾಲಿ ಕಾಟ್ಜೆನ್ ಅಂತ ಹೆಸರಿದ್ದರೆ ಅದು ಒಬ್ಬರ ಪುಸ್ತಕ. ಅವರು ಹೋಟೆಲ್ ಶುರುಮಾಡಿದವರಲ್ಲಿ ಒಬ್ಬರು. ಮೊದಲು ಊರಲ್ಲೇ ತಾವೇ ಅಚ್ಚು ಹಾಕಿಸಿ ಮಾರಿದ ಪುಸ್ತಕವನ್ನು 1977ರಲ್ಲಿ ಕ್ಯಾಲಿಫೋರ್ನಿಯಾದ ಟೆನ್ ಸ್ಪೀಡ್ ಪ್ರೆಸ್ ತಂದಿತು. ಅಕ್ಷರ, ಚಿತ್ರ ಎಲ್ಲ ಅವರ ಕೈಬರಹವೇ. ಕಾಟ್ಜೆನ್ ಆಮೇಲೆ ಹೋಟೆಲ್ ಬಿಟ್ಟು ತಮ್ಮ ದಾರಿ ಹಿಡಿದರು. ಮುಖಪುಟದಲ್ಲಿ ಮೂಸ್‌ವುಡ್ ಕಲೆಕ್ಟಿವ್ ಅಂತ ಇದ್ದರೆ ಅದು ಹೋಟೆಲ್‌ನಲ್ಲಿ ಉಳಿದವರು ಒಟ್ಟಾಗಿ ಬರೆದದ್ದು. ಅವು 1987ರಿಂದ ಒಂದಾದ ಮೇಲೊಂದು ಬಂದವು. ಎರಡಕ್ಕೂ ಹೆಸರು ಒಂದೇ ಇರುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಕಾಟ್ಜೆನ್ ಪುಸ್ತಕ ಆದರೆ ಇಸವಿ ನೋಡಲೇಬೇಕು. 1977ರ ಪ್ರತಿಯಲ್ಲಿ ಚೀಸ್, ಬೆಣ್ಣೆ, ಹುಳಿ ಕ್ರೀಮ್, ಮೊಟ್ಟೆ ಧಾರಾಳ. ಮಾಂಸ ಬಿಟ್ಟರೆ ಹೊಟ್ಟೆ ತುಂಬಲ್ಲ ಅನ್ನೋ ಭಯ ಆಗಿನವರಿಗೆ ಇತ್ತು, ಅದಕ್ಕೇ ಡೈರಿ ಸುರಿದರು ಅಂತ ನನ್ನ ಲೆಕ್ಕ. 1992ರಲ್ಲಿ ಅವರೇ ತಿದ್ದಿ ಜಿಡ್ಡು ಕಮ್ಮಿ ಮಾಡಿದರು. ಹಳೇ ಪ್ರತಿ ಇದ್ದರೆ ಸೂಪು, ಸಲಾಡು, ಕಾಳಿನ ಪುಟಗಳನ್ನು ಧೈರ್ಯವಾಗಿ ಹಿಡಿಯಿರಿ. ಓವನ್‌ನಲ್ಲಿ ಬೇಯಿಸುವ ತಿಂಡಿಗಳಲ್ಲಿ ಹಿಡಿದಿಡಲು ಮೊಟ್ಟೆ ಹಾಕಿರುತ್ತಾರೆ. ಅದನ್ನು ತೆಗೆದು ಇನ್ನೇನೋ ಸೇರಿಸೋ ಸಾಹಸಕ್ಕಿಂತ ಪುಟ ತಿರುಗಿಸೋದೇ ವಾಸಿ.

ಕಲೆಕ್ಟಿವ್‌ನ ಪುಸ್ತಕ ಆದರೆ ಮೀನಿನ ಮೇಲೆ ಕಣ್ಣಿಡಿ. ಹೋಟೆಲ್‌ನಲ್ಲಿ ಮೀನೂ ಬಡಿಸುತ್ತಿದ್ದರು, ಹಾಗಾಗಿ ಕೆಲವು ಪುಸ್ತಕಗಳಲ್ಲಿ ಅದೂ ಬರುತ್ತದೆ. ಚೀಸ್ ವಿಷಯದಲ್ಲೂ ಹುಷಾರು. ಇಟಲಿಯ ಪಾರ್ಮೆಸಾನ್‌ಗೆ ಹೆಪ್ಪು ಹಾಕೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿಯೇ ತನ್ನಿ.

ಅಳತೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅವರ ಕಪ್ ಅಂದರೆ ಸುಮಾರು 240 ಮಿಲಿಲೀಟರ್. ಬೆಣ್ಣೆ ಒಂದು ಸ್ಟಿಕ್ ಅಂದರೆ 113 ಗ್ರಾಂ. ಓವನ್ 350 ಅಂದರೆ ಫ್ಯಾರನ್‌ಹೀಟ್, ನಮ್ಮ ಓಟಿಜಿಯಲ್ಲಿ 175ರಿಂದ 180ಕ್ಕೆ ಇಡಿ.

ಮೊದಲ ಪ್ರಯೋಗಕ್ಕೆ ಕಾಟ್ಜೆನ್ ಪುಸ್ತಕದ ಜಿಪ್ಸಿ ಸೂಪ್ ಒಳ್ಳೆಯದು. ಗೆಣಸು, ಕಾಬೂಲಿ ಕಡಲೆ, ಟೊಮೆಟೊ. ಎಲ್ಲ ನಮ್ಮ ದೇವರಾಜ ಮಾರ್ಕೆಟ್‌ನಲ್ಲೇ ಸಿಗುತ್ತದೆ. ನಾನು ಮಾಡೋದು ಹೀಗೆ.

ಒಂದು ಲೋಟ ಕಾಬೂಲಿ ಕಡಲೆ ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಉಪ್ಪು ಹಾಕಿ ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿ. ಬೆಂದ ನೀರನ್ನು ಚೆಲ್ಲಬೇಡಿ. ಪುಸ್ತಕದಲ್ಲಿ ಸ್ಟಾಕ್, ಅಂದರೆ ತರಕಾರಿ ಬೇಯಿಸಿ ಸೋಸಿದ ನೀರು, ಅಂತ ಹೇಳೋ ಕಡೆ ಈ ಕಟ್ಟೇ ಸಾಕು. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ, ಎರಡು ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಸಿಪ್ಪೆ ತೆಗೆದು ಹೆಚ್ಚಿದ ಎರಡು ಗೆಣಸು. ಸೆಲರಿ ಸಿಗದಿದ್ದರೆ ಬಿಡಿ. ಈರುಳ್ಳಿ ಕೆಂಪಾಗುವ ತನಕ ಕಾಯಬೇಡಿ, ಬಾಡಿದರೆ ಸಾಕು.

ಈಗ ಪಾಪ್ರಿಕಾ, ಅಂದರೆ ಅವರ ಖಾರ ಕಮ್ಮಿ ಇರುವ ಕೆಂಪು ಮೆಣಸಿನ ಪುಡಿ. ಅಂಗಡಿಯಲ್ಲಿ ದುಬಾರಿ ಡಬ್ಬಿ ಹುಡುಕಬೇಡಿ. ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ ಹಾಕಿ, ಬಣ್ಣ ಜಾಸ್ತಿ, ಖಾರ ಕಮ್ಮಿ, ಸರಿಯಾಗಿ ಹೊಂದುತ್ತದೆ. ಗುಂಟೂರು ಪುಡಿ ಮಾತ್ರ ಬೇಡ, ಸೂಪು ಹೋಗಿ ಕಣ್ಣೀರಾಗುತ್ತದೆ. ಅರಿಶಿನ ಒಂದು ಚಮಚ, ಚಿಟಿಕೆ ದಾಲ್ಚಿನ್ನಿ ಪುಡಿ. ಬೇ ಲೀಫ್ ಅಂದಲ್ಲಿ ನಮ್ಮ ಪಲಾವ್ ಎಲೆ ಒಂದೇ ಸಾಕು, ಅದಕ್ಕೇ ಒಂದು ದಾಲ್ಚಿನ್ನಿ ವಾಸನೆ ಇರುತ್ತದೆ. ಬೇಸಿಲ್ ಬದಲು ತುಳಸಿ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಕಷಾಯ ಕುಡಿದ ಹಾಗಾಗುತ್ತದೆ. ಕಾಮಕಸ್ತೂರಿ ಎಲೆ ಹಾಕಿ, ಬೇಸಿಲ್ ಅಂದರೆ ಅದೇ.

ಎತ್ತಿಟ್ಟ ಕಡಲೆ ಕಟ್ಟಿನ ಜೊತೆ ಬೇಕಾದಷ್ಟು ನೀರು ಬೆರೆಸಿ ಮೂರು ಕಪ್ ಸುರಿದು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ನಮ್ಮ ಬಿಳಿ ಗೆಣಸು ಅವರ ಕಿತ್ತಳೆ ಬಣ್ಣದ ಗೆಣಸಿಗಿಂತ ಗಟ್ಟಿ, ಹಿಟ್ಟು ಹಿಟ್ಟು. ಪುಸ್ತಕದ ಸಮಯ ನಂಬಬೇಡಿ, ಚಾಕು ಚುಚ್ಚಿ ನೋಡಿ. ಬೆಂದ ಮೇಲೆ ಹೆಚ್ಚಿದ ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ಕಡಲೆ ಸೇರಿಸಿ ಇನ್ನೊಂದು ಹತ್ತು ನಿಮಿಷ. ಟೊಮೆಟೊ ಮೊದಲೇ ಹಾಕಿದರೆ ಹುಳಿಗೆ ಗೆಣಸು ಬೇಗ ಬೇಯಲ್ಲ. ನಮ್ಮಮ್ಮ ಮೇಲೆ ಅರ್ಧ ನಿಂಬೆಹಣ್ಣು ಹಿಂಡುತ್ತಾರೆ, ಪುಸ್ತಕದಲ್ಲಿ ಅದಿಲ್ಲ. ಬ್ರೆಡ್ಡಿಗಿಂತ ಅಕ್ಕಿರೊಟ್ಟಿ ಜೊತೆಗೇ ಚೆನ್ನ.

ಇದು ಕೈಗೆ ಹತ್ತಿದ ಮೇಲೆ ಕಲೆಕ್ಟಿವ್‌ನ ಭಾನುವಾರದ ಪುಸ್ತಕಕ್ಕೆ ಹೋಗಿ. ಹೋಟೆಲ್‌ನಲ್ಲಿ ಭಾನುವಾರ ರಾತ್ರಿ ಒಂದು ದೇಶದ ಅಥವಾ ಒಂದು ಸೀಮೆಯ ಅಡುಗೆ ಮಾಡುತ್ತಿದ್ದರು. ಅದರಿಂದಲೇ 1990ರಲ್ಲಿ ಆ ದಪ್ಪ ಪುಸ್ತಕ ಬಂತು. ಒಂದೊಂದು ಅಧ್ಯಾಯ ಒಬ್ಬೊಬ್ಬರು ಬರೆದದ್ದು. ಹಾಗಾಗಿ ಒಂದೇ ಪುಸ್ತಕದಲ್ಲಿ ಬೇರೆ ಬೇರೆ ಕೈರುಚಿ. ಒಬ್ಬರ ಉಪ್ಪು ಹುಳಿ ನಿಮಗೆ ಹಿಡಿಸಿದರೆ ಆ ಅಧ್ಯಾಯವನ್ನೇ ಪೂರ್ತಿ ಮಾಡಿ ನೋಡಿ, ಅಲ್ಲೊಂದು ಇಲ್ಲೊಂದು ಹೆಕ್ಕಬೇಡಿ. ಭಾರತದ ಅಧ್ಯಾಯ ಬಿಟ್ಟುಬಿಡಬಹುದು, ಅದು ನಮಗೆ ಬರೆದದ್ದಲ್ಲ. ಅರ್ಮೇನಿಯಾ, ಚಿಲಿ, ಉತ್ತರ ಆಫ್ರಿಕಾ ಕಡೆ ಹೋಗಿ. ಅಲ್ಲಿ ಬರುವ ಬಲ್ಗರ್‌ಗೆ ನಮ್ಮ ಗೋಧಿ ನುಚ್ಚು ನಡೆಯುತ್ತದೆ. ಬಲ್ಗರ್ ಅಂದರೆ ಗೋಧಿಯನ್ನೇ ಮೊದಲೇ ಬೇಯಿಸಿ ಒಣಗಿಸಿ ಒಡೆದದ್ದು, ಬಿಸಿನೀರಲ್ಲಿ ನೆನೆಸಿದರೆ ಸಾಕು. ನುಚ್ಚು ಹಾಗಲ್ಲ, ಹುರಿದು ಬೇಯಿಸಿ, ಪೂರ್ತಿ ಆರಿದ ಮೇಲೆಯೇ ಸಲಾಡಿಗೆ ಕಲಸಿ.